ಫೈಲ್ ಸಿಸ್ಟಮ್‌ನ ಹಳೆಯ ಕೋಡ್ ತೆಗೆಯುವ ಕ್ರಮ: ಬರೆಯುವ ದಾರಿ ಮೊದಲು, ಓದುವ ದಾರಿ ಕೊನೆಗೆ

ಬಳ್ಳಾರಿಯಲ್ಲಿ ಕುಳಿತು ನಾನು ನೋಡಿಕೊಳ್ಳುವ ತಂತ್ರಾಂಶವೊಂದು ಲಾರಿ ಕಾಟಾಗಳಲ್ಲಿ ಓಡುತ್ತದೆ. ಲಾರಿ ಕಾಟಾದ ಮೇಲೆ ನಿಂತಾಗ ಅದರ ತೂಕವನ್ನೂ ಮುಂದಿನಿಂದ ಮತ್ತು ಹಿಂದಿನಿಂದ ತೆಗೆದ ಎರಡು ಫೋಟೊಗಳನ್ನೂ ಒಟ್ಟಿಗೆ ಉಳಿಸಿಡುವುದು ಅದರ ಕೆಲಸ. ಸಂಡೂರು, ಹೊಸಪೇಟೆ ಭಾಗದ ಅದಿರು ಯಾರ್ಡ್‌ಗಳಿಗೆಂದು ಇದನ್ನು ಮೊದಲು ಬರೆದವರು, ಆ ಕಾಲದ ಸಣ್ಣ ಡಿಸ್ಕ್‌ಗಳಲ್ಲಿ ಜಾಗ ಸಾಲದೆಂಬ ಚಿಂತೆಯಿಂದ, ಫ್ಯೂಸ್‌ನ ಮೇಲೆ ಸ್ವಂತದ್ದೊಂದು ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಕಡತಗಳನ್ನು ಇಡುವ, ಓದುವ ವ್ಯವಸ್ಥೆ) ಕಟ್ಟಿದ್ದರು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮುಟ್ಟದೆ, ಸಾಮಾನ್ಯ ಪ್ರೋಗ್ರಾಂ ಆಗಿಯೇ ಫೈಲ್ ಸಿಸ್ಟಮ್ ಬರೆಯಲು ಅನುವು ಮಾಡಿಕೊಡುವ ಫ್ಯೂಸ್, 2005ರ 2.6.14ನೇ ಆವೃತ್ತಿಯಿಂದ ಲಿನಕ್ಸ್‌ನಲ್ಲಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಕಾಟಾಗಳು ನಿಂತವು, ತಂತ್ರಾಂಶ ಗಂಗಾವತಿ ಮತ್ತು ಸಿಂಧನೂರಿನ ರೈಸ್ ಮಿಲ್‌ಗಳ ಪಾಲಾಯಿತು. ಕೈ ಬದಲಾದಾಗಲೆಲ್ಲ ಅದಕ್ಕೆ ಒಂದೊಂದು ಪದರ ಸೇರಿತು: ಕಡತ ಕುಗ್ಗಿಸುವುದಕ್ಕೆ ಒಂದು, ಕರೆಂಟ್ ಹೋದಾಗ ಕಾಪಾಡುವುದಕ್ಕೆ, ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ಸ್ವಂತ ಜರ್ನಲ್ ಒಂದು, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಹೆಸರುಗಳನ್ನು ಯೂನಿಕೋಡ್‌ಗೆ ತಿರುಗಿಸುವುದಕ್ಕೆ ಇನ್ನೊಂದು. ನನ್ನ ಕೈಗೆ ಬಂದಾಗ ಅದು ಸಿ ಭಾಷೆಯ ಸುಮಾರು 12,000 ಸಾಲುಗಳಷ್ಟಿತ್ತು. ಈಗ 5,000ಕ್ಕಿಂತ ಕಡಿಮೆ ಇದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ನಾನು ಎಡವಿದೆ ಎಂಬುದನ್ನು ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬೇರೆ ಪ್ರೋಗ್ರಾಂಗಳಲ್ಲಿ ಹಳೆಯ ಕೋಡ್ ತೆಗೆಯುವುದಕ್ಕೂ ಫೈಲ್ ಸಿಸ್ಟಮ್‌ನಲ್ಲಿ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಿಲ್ ಮುದ್ರಿಸುವ ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್ ಅನ್ನು ಯಾರೂ ಕರೆಯುತ್ತಿಲ್ಲವೆಂದರೆ ಅದು ಸತ್ತಿದೆ ಎಂದೇ ತಿಳಿಯಬಹುದು. ಫೈಲ್ ಸಿಸ್ಟಮ್‌ನಲ್ಲಿ ಹಾಗಲ್ಲ. ಹನ್ನೆರಡು ವರ್ಷದ ಹಿಂದೆ ಬರೆದ ಒಂದು ಕಡತ ಅಲಮಾರಿಯ ಡಿಸ್ಕ್ ಒಂದರಲ್ಲಿ ಮಲಗಿರುತ್ತದೆ. ಅದನ್ನು ಯಾರಾದರೂ ತೆರೆಯುವ ದಿನದವರೆಗೂ ಆ ಫಂಕ್ಷನ್ ಸತ್ತಂತೆಯೇ ಕಾಣುತ್ತದೆ.

ಕೋಡ್ ಓದುವ ಮೊದಲು ಡಿಸ್ಕ್ ಓದಿ

ಆದ್ದರಿಂದ ಮೊದಲ ಕೆಲಸ ಎಣಿಕೆ. ನಿಮ್ಮ ಫೈಲ್ ಸಿಸ್ಟಮ್ ಬರೆಯುವ ಪ್ರತಿ ಕಡತದ ತಲೆಯಲ್ಲಿ ಆವೃತ್ತಿಯ ಸಂಖ್ಯೆ ಇದ್ದರೆ, ಎಲ್ಲ ಕಡತಗಳನ್ನು ತೆರೆದು ಆ ಸಂಖ್ಯೆಯನ್ನಷ್ಟೇ ಓದಿ, ಯಾವ ಆವೃತ್ತಿಯವು ಎಷ್ಟಿವೆ ಎಂದು ಹೇಳುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆಯಬೇಕು. ಅದು ಏನನ್ನೂ ಬದಲಿಸಬಾರದು. ಡಿಸ್ಕ್ ಅನ್ನು ಓದಲು ಮಾತ್ರ ಅವಕಾಶವಿರುವಂತೆ ಮೌಂಟ್ ಮಾಡಿಯೇ (ಅಂದರೆ ಯಂತ್ರಕ್ಕೆ ಜೋಡಿಸಿ ತೆರೆದೇ) ಓಡಿಸಬೇಕು. ಓಡುತ್ತಿರುವ ಯಂತ್ರವನ್ನಷ್ಟೇ ನೋಡಿ ಎಣಿಕೆ ಮುಗಿಯಿತು ಎಂದುಕೊಳ್ಳುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಮಿಲ್‌ಗಳಲ್ಲಿ ಬ್ಯಾಕಪ್ ಡಿಸ್ಕ್‌ಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೋ ಮಾಲೀಕರ ಮನೆಯಲ್ಲಿಯೋ ಇರುತ್ತವೆ, ಅವನ್ನೂ ಕೇಳಿ ತರಿಸಿಕೊಳ್ಳಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಂಡಿರಬೇಕು. ಕಾಟಾ ಚೀಟಿಯೂ ಆ ಲೆಕ್ಕದ ಆಧಾರವೇ ಆದ್ದರಿಂದ, "ಹಳೆಯದು ಯಾರಿಗೆ ಬೇಕು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಎಣಿಕೆ ಕೈಯಲ್ಲಿದ್ದಾಗ ಕೋಡ್‌ನ ಚರಿತ್ರೆಗೆ ಹೋಗಬಹುದು. ಒಂದು ಸಾಲನ್ನು ಕೊನೆಯದಾಗಿ ಮುಟ್ಟಿದವರು ಯಾರು ಎಂಬುದನ್ನು, ಕೋಡ್‌ನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನ ಬ್ಲೇಮ್ ಆಜ್ಞೆ ತೋರಿಸುತ್ತದೆ. ಆದರೆ ಕೊನೆಯದಾಗಿ ಮುಟ್ಟಿದವರು ಖಾಲಿ ಜಾಗಗಳನ್ನು ಸರಿಪಡಿಸಿದವರಷ್ಟೇ ಆಗಿರುವುದು ಹೆಚ್ಚು. ಗಿಟ್ ಲಾಗ್ ಆಜ್ಞೆಗೆ ದೊಡ್ಡಕ್ಷರದ ಎಸ್ ಆಯ್ಕೆಯನ್ನೂ ಫಂಕ್ಷನ್‌ನ ಹೆಸರನ್ನೂ ಕೊಟ್ಟರೆ, ಆ ಹೆಸರು ಕೋಡ್‌ನೊಳಗೆ ಬಂದ ಮತ್ತು ಹೋದ ಕಮಿಟ್‌ಗಳು (ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ) ಮಾತ್ರ ಸಿಗುತ್ತವೆ. ನಮಗೆ ಬೇಕಾದದ್ದು ಇದು. ಚರಿತ್ರೆಯೇ ಇಲ್ಲದ ಕೋಡ್ ಸಿಕ್ಕಿದ್ದರೆ ಹಳೆಯ ಕೆಲಸಗಾರರಿಗೆ ಒಂದು ಫೋನ್ ಮಾಡುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ನನಗೆ ಅರ್ಧ ದಿನ ಉಳಿಸಿಕೊಟ್ಟದ್ದು ಅಂಥದ್ದೊಂದು ಹತ್ತು ನಿಮಿಷದ ಮಾತು.

ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಹಳೆಯ ಕೋಡ್ ಮೂರು ಬಗೆಯದೆಂದು ಗೊತ್ತಾಗುತ್ತದೆ. ಯಾವ ಡಿಸ್ಕ್‌ನಲ್ಲಿಯೂ ಕುರುಹಿಲ್ಲದ, ಯಾರೂ ಕರೆಯದ ಕೋಡ್ ಒಂದು. ಅದನ್ನು ಇಂದೇ ತೆಗೆಯಬಹುದು, ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ದಿನವೂ ಓಡುತ್ತಿದ್ದರೂ ಈಗ ಪ್ರಯೋಜನವಿಲ್ಲದ್ದು ಎರಡನೆಯದು. ಹಳೆಯ ಕಡತಗಳನ್ನು ಓದುವುದಕ್ಕೆ ಮಾತ್ರ ಬೇಕಾಗಿರುವುದು ಮೂರನೆಯದು. ಶ್ರಮವೆಲ್ಲ ಇರುವುದು ಈ ಕೊನೆಯ ಎರಡರಲ್ಲಿ.

ಬರೆಯುವುದನ್ನು ಮೊದಲು ನಿಲ್ಲಿಸಿ

ನಮ್ಮಲ್ಲಿ ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಕುಗ್ಗಿಸುವ ಪದರ. ಕಾಟಾದ ಫೋಟೊಗಳೆಲ್ಲ ಜೆಪೆಗ್ ರೂಪದವು, ಅಂದರೆ ಅವು ಮೊದಲೇ ಕುಗ್ಗಿದವು. ಅವುಗಳ ಮೇಲೆ ಮತ್ತೆ ಝಡ್‌ಲಿಬ್ ಓಡಿಸಿದರೆ ಉಳಿಯುವ ಜಾಗ ನಗಣ್ಯ. ಆದರೆ ಅದಕ್ಕಾಗಿ ಕಡತವನ್ನು ತುಂಡುಗಳನ್ನಾಗಿ ಮಾಡಿ, ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯಿಟ್ಟು, ಮಧ್ಯದಿಂದ ಓದಬೇಕೆಂದಾಗ ಆ ಪಟ್ಟಿಯನ್ನು ಹುಡುಕುವ 2,000 ಸಾಲುಗಳು ಇದ್ದವು. ಇಷ್ಟು ವ್ಯರ್ಥವಾದುದನ್ನು ಕಂಡಾಗ ಒಮ್ಮೆಗೇ ಅಳಿಸಿಬಿಡುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಈಗಾಗಲೇ ಕುಗ್ಗಿಸಿ ಬರೆದ ಲಕ್ಷಾಂತರ ಫೋಟೊಗಳನ್ನು ತೆರೆಯಲು ದಾರಿಯೇ ಉಳಿಯುವುದಿಲ್ಲ.

ಸರಿಯಾದ ಕ್ರಮದಲ್ಲಿ ಮೂರು ಹಂತಗಳಿವೆ, ಅವುಗಳ ನಡುವೆ ಕಾಲಾವಕಾಶ ಇರಬೇಕು. ಮೊದಲ ಬಿಡುಗಡೆಯಲ್ಲಿ ಹೊಸ ಕಡತಗಳನ್ನು ಕುಗ್ಗಿಸದೆ, ಹೊಸ ಆವೃತ್ತಿ ಸಂಖ್ಯೆಯೊಂದಿಗೆ ಬರೆಯಬೇಕು. ಹಳೆಯದನ್ನು ಓದುವ ಕೋಡ್ ಮುಟ್ಟಬಾರದು. ಇದೊಂದರಿಂದಲೇ ಬರೆಯುವ ಭಾಗದ ಕೋಡ್ ಪೂರ್ತಿ ಹೋಗುತ್ತದೆ, ಮತ್ತು ಜಟಿಲತೆಯ ದೊಡ್ಡ ಪಾಲು ಇರುವುದು ಸಾಮಾನ್ಯವಾಗಿ ಬರೆಯುವ ಭಾಗದಲ್ಲಿಯೇ. ಎರಡನೆಯ ಬಿಡುಗಡೆಯಲ್ಲಿ, ಹಳೆಯ ಕಡತಗಳನ್ನು ಒಂದೊಂದಾಗಿ ಓದಿ ಹೊಸ ರೂಪದಲ್ಲಿ ಬರೆದು, ಎರಡರ ತಿರುಳನ್ನೂ ಹೋಲಿಸಿ ನೋಡಿದ ಮೇಲೆಯೇ ಹಳೆಯದರ ಜಾಗದಲ್ಲಿ ಹೊಸದನ್ನು ಇಡುವ ಪರಿವರ್ತಕವನ್ನು ಕೊಡಬೇಕು. ಪರಿವರ್ತಕವು ಮಧ್ಯದಲ್ಲಿ ನಿಂತು ಮತ್ತೆ ಓಡಿಸಿದರೆ ನಿಂತಲ್ಲಿಂದ ಮುಂದುವರಿಯುವಂತಿರಲಿ, ಏಕೆಂದರೆ ಸಿಂಧನೂರಿನ ಮಿಲ್‌ನಲ್ಲಿ ರಾತ್ರಿಯಿಡೀ ಕರೆಂಟ್ ಇರುತ್ತದೆಂದು ನಂಬಿ ಯಾವುದನ್ನೂ ಬರೆಯಬಾರದು. ಮೊದಲು ಬರೆದ ಎಣಿಕೆಯ ಪ್ರೋಗ್ರಾಂ ಎಲ್ಲ ಡಿಸ್ಕ್‌ಗಳಲ್ಲಿಯೂ ಹಳೆಯ ಆವೃತ್ತಿಗೆ ಸೊನ್ನೆ ತೋರಿಸಿದ ದಿನ ಮೂರನೆಯ ಹಂತ ಬರುತ್ತದೆ, ಆಗ ಓದುವ ಕೋಡ್ ತೆಗೆಯಬಹುದು.

ಲಿನಕ್ಸ್ ಕರ್ನಲ್‌ನವರು ನಡೆದುಕೊಳ್ಳುವುದೂ ಇದೇ ರೀತಿ. 2001ರಲ್ಲಿ ಕರ್ನಲ್ ಸೇರಿದ ರೈಸರ್ ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಅನ್ನು ತೆಗೆಯಲಾಗುವುದೆಂದು 2022ರ 5.18ನೇ ಆವೃತ್ತಿಯಲ್ಲಿ ಸೂಚನೆ ಕೊಟ್ಟು, 2025ರ ಜನವರಿಯಲ್ಲಿ ಬಂದ 6.13ರಲ್ಲಿ ತೆಗೆದರು.  ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನ ನಾಲ್ಕನೇ ರೂಪಕ್ಕೆ ಕೊಟ್ಟಿರುವ ಗಡುವು ಇನ್ನೂ ಉದ್ದ: 2020ರಲ್ಲಿ ಎಚ್ಚರಿಕೆ, 2025ರ ಸೆಪ್ಟೆಂಬರ್‌ನಿಂದ ತಾನಾಗಿ ಸೇರದಂತೆ ಮಾಡುವುದು, 2030ರಲ್ಲಿ ಪೂರ್ತಿ ತೆಗೆಯುವುದು. ಎಕ್ಸ್ಟ್3 ಎಂಬ ಫೈಲ್ ಸಿಸ್ಟಮ್‌ನ ಕಥೆ ಎಲ್ಲಕ್ಕಿಂತ ಅಚ್ಚುಕಟ್ಟು. ಅದರ ಮುಂದಿನ ರೂಪವಾದ ಎಕ್ಸ್ಟ್4ರ ಕೋಡ್ ಎಕ್ಸ್ಟ್3 ಡಿಸ್ಕ್‌ಗಳನ್ನೂ ಓದಿ ಬರೆಯಬಲ್ಲದಾದ್ದರಿಂದ, 2015ರ 4.3ರಲ್ಲಿ ಎಕ್ಸ್ಟ್3ರ ಪ್ರತ್ಯೇಕ ಕೋಡ್ ಹೋದರೂ ಯಾರ ಡಿಸ್ಕ್ ಕೂಡ ಹಾಳಾಗಲಿಲ್ಲ. ಒಂದೇ ಕೆಲಸವನ್ನು ಎರಡು ಕಡೆ ಮಾಡುವ ಕೋಡ್ ಸಿಕ್ಕರೆ, ಚಿಕ್ಕದನ್ನು ದೊಡ್ಡದರಲ್ಲಿ ಸೇರಿಸಿಕೊಳ್ಳಲು ಆಗುತ್ತದೆಯೇ ಎಂದು ಮೊದಲು ನೋಡುವುದು ಲೇಸು.

ಎರಡು ಕೊಪ್ಪಳ

ಹೆಸರು ತಿರುಗಿಸುವ ಪದರವನ್ನು ತೆಗೆಯುವಾಗ ನಾನು ಈ ಕ್ರಮವನ್ನು ಮುರಿದೆ. ನುಡಿ ಮತ್ತು ಬರಹದ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕುಳಿತಿರುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದವು. ಅವನ್ನು ಯೂನಿಕೋಡ್‌ಗೆ ತಿರುಗಿಸುವ 900 ಸಾಲುಗಳ ಕೋಡ್‌ಗೆ ಈಗ ಕೆಲಸವೇ ಉಳಿದಿಲ್ಲವೆಂದು ಎಣಿಕೆ ಹೇಳಿತು. ಅದೇ ಕಡತದ ಕೊನೆಯಲ್ಲಿ 60 ಸಾಲುಗಳ ಇನ್ನೊಂದು ಫಂಕ್ಷನ್ ಇತ್ತು. ವಿವರಣೆ ಏನೂ ಇರಲಿಲ್ಲ, ಕಮಿಟ್‌ನ ಟಿಪ್ಪಣಿಯಲ್ಲಿ "ಸಣ್ಣ ರಿಪೇರಿ" ಎಂದಷ್ಟೇ ಇತ್ತು. ಅದೂ ಹಳೆಯ ಫಾಂಟ್‌ಗೆ ಸೇರಿದ್ದೆಂದು ತಿಳಿದು ಎರಡನ್ನೂ ಒಂದೇ ಕಮಿಟ್‌ನಲ್ಲಿ ಅಳಿಸಿದೆ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಫೋಲ್ಡರ್‌ಗಳ ಹೆಸರು "ಬಳ್ಳಾರಿ" ಮತ್ತು "ರಾಯಚೂರು". ಎಲ್ಲ ಪರೀಕ್ಷೆಗಳೂ ಪಾಸಾದವು.

ನಾಲ್ಕು ದಿನಗಳ ನಂತರ ಗಂಗಾವತಿಯ ಮಿಲ್ ಒಂದರ ಗುಮಾಸ್ತರು ಫೋನ್ ಮಾಡಿದರು. "ಸರ್, ಒಂದ ಕೊಪ್ಪಳ ಇತ್ರಿ, ಈಗ ಎರಡು ಕಾಣಸ್ತಾವ್ರಿ. ಒಂದ್ರಾಗ ಹೋದ್ ಸುಗ್ಗೀದು ಎಲ್ಲಾ ಐತಿ, ಇನ್ನೊಂದ್ರಾಗ ನಿನ್ನಿಂದು ಅಷ್ಟ ಐತ್ರಿ" ಎಂದರು. ತೆರೆಯ ಮೇಲೆ ಎರಡು ಹೆಸರುಗಳಿಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹೆಕ್ಸ್‌ಡಂಪ್‌ನಲ್ಲಿ ಬೈಟ್‌ಗಳನ್ನು ತೆಗೆದು ನೋಡಿದಾಗ ಒಂದು ಕೊಪ್ಪಳ 18 ಬೈಟ್‌ಗಳದ್ದು, ಇನ್ನೊಂದು 21 ಬೈಟ್‌ಗಳದ್ದು. ಯೂನಿಕೋಡ್‌ನಲ್ಲಿ "ಕೊ" ಎಂಬುದರ ಸ್ವರಚಿಹ್ನೆಯನ್ನು ಎರಡು ರೀತಿಯಲ್ಲಿ ಬರೆಯಲು ಬರುತ್ತದೆ: ಒಂದೇ ಚಿಹ್ನೆಯಾಗಿ ಬರೆದರೆ ಇ0 ಬಿ3 8ಎ ಎಂಬ ಮೂರು ಬೈಟ್‌ಗಳು, ಎತ್ವ ಮತ್ತು ಊತ್ವದ ಚಿಹ್ನೆಗಳಾಗಿ ಒಡೆದು ಬರೆದರೆ ಇ0 ಬಿ3 86 ಮತ್ತು ಇ0 ಬಿ3 82 ಎಂಬ ಆರು ಬೈಟ್‌ಗಳು. ಕಣ್ಣಿಗೆ ಎರಡೂ ಒಂದೇ. ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳು ಸಾಮಾನ್ಯವಾಗಿ ಹೆಸರನ್ನು ಬೈಟ್‌ಗಳ ಸಾಲಾಗಿಯೇ ನೋಡುವುದರಿಂದ ಅವುಗಳ ಮಟ್ಟಿಗೆ ಇವು ಬೇರೆ ಬೇರೆ ಊರುಗಳು.

ಒಡೆದ ರೂಪ ಬಂದದ್ದು ಮಾಲೀಕರ ಮಗನ ಮ್ಯಾಕ್‌ನಿಂದ. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಆದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದ ರೂಪದಲ್ಲಿಯೇ ಇಟ್ಟುಕೊಳ್ಳುತ್ತದೆ, ಅವರ ಬ್ಯಾಕಪ್ ಡಿಸ್ಕ್ ಆ ರೂಪದ್ದಾಗಿತ್ತು. ನಾನು ಅಳಿಸಿದ 60 ಸಾಲುಗಳು ಮಾಡುತ್ತಿದ್ದ ಕೆಲಸವೆಂದರೆ ಒಡೆದ ಹೆಸರುಗಳನ್ನು ಕೂಡಿಸಿ, ಎರಡೂ ಒಂದೇ ಫೋಲ್ಡರ್ ಎಂದು ಗುರುತಿಸುವುದು. "ಬಳ್ಳಾರಿ"ಯಲ್ಲಿಯಾಗಲಿ "ರಾಯಚೂರು"ವಿನಲ್ಲಿಯಾಗಲಿ ಒಡೆಯುವ ಸ್ವರಚಿಹ್ನೆ ಒಂದೂ ಇಲ್ಲ, ಎರಡೂ ಹೇಗೆ ಬರೆದರೂ 21 ಬೈಟ್‌ಗಳೇ. ಮೂರು ಜಿಲ್ಲೆಗಳ ಪೈಕಿ ತೊಂದರೆ ತೋರಿಸಬಲ್ಲದ್ದು ಕೊಪ್ಪಳ ಒಂದೇ ಆಗಿತ್ತು, ನನ್ನ ಪರೀಕ್ಷೆಯಲ್ಲಿ ಇರದಿದ್ದದ್ದೂ ಅದೇ.

ಕನ್ನಡ ಹೆಸರುಗಳ ಜೊತೆ ಕೆಲಸ ಮಾಡುವವರು ಒಡೆಯುವ ಐದು ಚಿಹ್ನೆಗಳನ್ನೂ ಪರೀಕ್ಷೆಯಲ್ಲಿ ಸೇರಿಸಿಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಈಗ ಶ್ರೀರಾಮನಗರ, ದೇವದುರ್ಗ, ಮೈಲಾರ, ಕೊಪ್ಪಳ, ತೋರಣಗಲ್ಲು ಎಂಬ ಐದು ಹೆಸರುಗಳಿವೆ. ಇವುಗಳಲ್ಲಿ "ತೋ" ಮೂರು ಚಿಹ್ನೆಗಳಾಗಿ ಒಡೆಯುವುದರಿಂದ ಅದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಉದ್ದನೆಯ ಹೆಸರನ್ನೂ ಒಂದು ಇಡಿ: ಎಕ್ಸ್ಟ್4ರಲ್ಲಿ ಹೆಸರಿನ ಮಿತಿ 255 ಬೈಟ್‌ಗಳು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ 85 ಸಂಕೇತಗಳು ಮಾತ್ರ, ಕೂಡಿದ ರೂಪದಲ್ಲಿ ಹಿಡಿಸುವ ಹೆಸರು ಒಡೆದ ರೂಪದಲ್ಲಿ ಹಿಡಿಸದೆ ಹೋಗಬಹುದು. ಎಕ್ಸ್ಟ್4ರಲ್ಲಿಯೇ 2019ರ 5.2ನೇ ಕರ್ನಲ್‌ನಿಂದ ಕೇಸ್‌ಫೋಲ್ಡ್ ಎಂಬ ಸೌಲಭ್ಯವಿದೆ. ಅದನ್ನು ಬೇಕಾದ ಫೋಲ್ಡರ್‌ಗಳಿಗೆ ಚಾಲೂ ಮಾಡಿದರೆ ಎರಡು ರೂಪಗಳೂ ಒಂದೇ ಹೆಸರೆಂದು ಕರ್ನಲ್ ತಾನೇ ಗುರುತಿಸುತ್ತದೆ. ಹೊಸದಾಗಿ ಕಟ್ಟುವವರು ಸ್ವಂತ ಕೋಡ್ ಬರೆಯುವ ಮೊದಲು ಅದನ್ನು ನೋಡುವುದು ಒಳ್ಳೆಯದು.

ಈ ಪ್ರಕರಣದಲ್ಲಿ ನನ್ನನ್ನು ಬೇಗ ಪಾರು ಮಾಡಿದ್ದು, ಒಂದು ಕಮಿಟ್ ಅನ್ನು ರದ್ದು ಮಾಡುವ ಗಿಟ್ ರಿವರ್ಟ್. ಆದರೆ ಎರಡು ಬೇರೆ ಕೆಲಸಗಳನ್ನು ಒಂದೇ ಕಮಿಟ್‌ನಲ್ಲಿ ಅಳಿಸಿದ್ದರಿಂದ, ಬೇಡದ 900 ಸಾಲುಗಳೂ ಜೊತೆಗೆ ವಾಪಸು ಬಂದವು. ಒಂದು ಕಮಿಟ್‌ಗೆ ಒಂದೇ ತೆಗೆತ ಎಂಬ ನಿಯಮವನ್ನು ಅಂದಿನಿಂದ ಬಿಟ್ಟಿಲ್ಲ. ಹೆಸರು ಬದಲಿಸುವುದು, ಸಾಲುಗಳನ್ನು ಸರಿಸುವುದು ಮುಂತಾದ ನಡತೆ ಬದಲಾಗದ ಕೆಲಸಗಳನ್ನೂ ತೆಗೆತದೊಂದಿಗೆ ಬೆರೆಸಬಾರದು. ಆಗ ಯಾವ ಕಮಿಟ್‌ನಿಂದ ಕೆಟ್ಟಿತು ಎಂಬುದನ್ನು ಗಿಟ್ ಬೈಸೆಕ್ಟ್ ಅರ್ಧಕ್ಕೆ ಅರ್ಧ ಮಾಡುತ್ತ ಹುಡುಕಿಕೊಡುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಹತ್ತು ಸುತ್ತಿನಲ್ಲಿ ಮುಗಿಯುತ್ತದೆ.

ಜರ್ನಲ್ ತೆಗೆಯುವ ಮುನ್ನ

ಸ್ವಂತ ಜರ್ನಲ್ ತೆಗೆಯುವಾಗ ಹೆಚ್ಚಿನ ಎಚ್ಚರ ಬೇಕು. ಕೆಳಗೆ ಎಕ್ಸ್ಟ್4ರ ಜರ್ನಲ್ ಇರುವಾಗ ಮೇಲೆ ಇನ್ನೊಂದೇಕೆ ಎಂದು ಮೊದಲು ತೋರುವುದು ಸಹಜ. ಆದರೆ ಎಕ್ಸ್ಟ್4 ರೂಢಿಯ ಕ್ರಮದಲ್ಲಿ ಜರ್ನಲ್‌ನಲ್ಲಿ ಬರೆಯುವುದು ಹೆಸರು, ಅಳತೆ, ಜಾಗ ಮುಂತಾದ ವಿವರಗಳನ್ನು ಮಾತ್ರ, ಕಡತದ ತಿರುಳನ್ನಲ್ಲ. ಹಾಗಾಗಿ ಸ್ವಂತ ಜರ್ನಲ್ ಕೊಡುತ್ತಿದ್ದ ಭರವಸೆ ಯಾವುದು ಎಂದು ಒಂದು ವಾಕ್ಯದಲ್ಲಿ ಬರೆದುಕೊಂಡು, ಅದನ್ನೇ ಸರಳವಾಗಿ ಕೊಡಲು ಆಗುತ್ತದೆಯೇ ಎಂದು ಕೇಳಬೇಕು. ನಮ್ಮಲ್ಲಿ ಆ ಭರವಸೆ ಇಷ್ಟೇ: ಕರೆಂಟ್ ಹೋದರೂ ಒಂದು ಕಾಟಾ ಚೀಟಿ ಪೂರ್ತಿ ಇರಬೇಕು, ಇಲ್ಲವೆ ಇರಲೇಬಾರದು. ಅದಕ್ಕೆ 1,400 ಸಾಲುಗಳ ಜರ್ನಲ್ ಬೇಡ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನಿಂದ ಕಡತವನ್ನು ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕ್ ಮುಟ್ಟುವವರೆಗೆ ಕಾದು), ಸರಿಯಾದ ಹೆಸರಿಗೆ ರಿನೇಮ್ ಮಾಡಿ, ಕೊನೆಗೆ ಫೋಲ್ಡರ್ ಅನ್ನೂ ಎಫ್‌ಸಿಂಕ್ ಮಾಡಿದರೆ ಸಾಕು. ಎಫ್‌ಸಿಂಕ್ ತಪ್ಪಿಸಿದರೆ ಕರೆಂಟ್ ಬಂದ ಮೇಲೆ ಸರಿಯಾದ ಹೆಸರಿನ 0 ಬೈಟ್ ಕಡತ ಸಿಗುವ ಸಾಧ್ಯತೆಯಿದೆ. ಎಫ್‌ಸಿಂಕ್ ಕೊಡುವ ಉತ್ತರವನ್ನೂ ನೋಡಲೇಬೇಕು: ಒಮ್ಮೆ ಅದು ವಿಫಲವಾದ ಮೇಲೆ ಮತ್ತೆ ಕರೆದಾಗ ಬರುವ ಯಶಸ್ಸನ್ನು ನಂಬುವಂತಿಲ್ಲ, ಇಡೀ ಕಡತವನ್ನು ಹೊಸದಾಗಿ ಬರೆಯುವುದೇ ಸರಿ.

ಇದನ್ನು ಪರೀಕ್ಷಿಸುವಾಗ ಪ್ರೋಗ್ರಾಂ ಅನ್ನು ಕಿಲ್ ಮಾಡಿ ನೋಡಿದರೆ ಸಾಲದು. ಪ್ರೋಗ್ರಾಂ ಸತ್ತರೂ ಅದು ಬರೆದದ್ದು ಕರ್ನಲ್‌ನ ನೆನಪಿನಲ್ಲಿ ಉಳಿದು ಆಮೇಲೆ ಡಿಸ್ಕ್ ಸೇರುತ್ತದೆ. ಕರೆಂಟ್ ಹೋದಾಗ ಆ ನೆನಪೇ ಹೋಗುತ್ತದೆ. ಆದ್ದರಿಂದ ಇಡೀ ವ್ಯವಸ್ಥೆಯನ್ನು ಕ್ಯೂಇಎಂಯು ವರ್ಚುವಲ್ ಯಂತ್ರದೊಳಗೆ ಓಡಿಸಿ, ಬರೆಯುತ್ತಿರುವಾಗಲೇ ಆ ಯಂತ್ರವನ್ನೇ ಕಿಲ್ ಮಾಡಿ, ಮತ್ತೆ ಎಬ್ಬಿಸಿ ಕಡತಗಳನ್ನು ಎಣಿಸಬೇಕು. ಇನ್ನೂ ಕೂಲಂಕಷವಾಗಿ ಬೇಕೆಂದರೆ ಕರ್ನಲ್‌ನ ಡಿಎಂ ಲಾಗ್ ರೈಟ್ಸ್ ಇದೆ. ಅದು ಡಿಸ್ಕ್‌ಗೆ ಹೋದ ಪ್ರತಿ ಬರಹವನ್ನೂ ಕ್ರಮವಾಗಿ ದಾಖಲಿಸುತ್ತದೆ, ಬೇಕಾದ ಬಿಂದುವಿನವರೆಗೆ ಮಾತ್ರ ಮತ್ತೆ ಬರೆದು "ಇಲ್ಲಿ ಕರೆಂಟ್ ಹೋಗಿದ್ದರೆ" ಎಂಬುದನ್ನು ತೋರಿಸುತ್ತದೆ.

ಮೌಂಟ್ ಆಯ್ಕೆಗಳ ಬಗ್ಗೆ ಒಂದು ಮಾತು. ಜರ್ನಲ್ ಹೋದ ಮೇಲೆ ಅದರ ಅಳತೆ ಹೇಳುವ ಆಯ್ಕೆಗೂ ಅರ್ಥವಿಲ್ಲ ಎಂದು ಅದನ್ನು ತಕ್ಷಣ ತೆಗೆಯಬಾರದು. ಯಾವ ಡಿಸ್ಕ್ ಹೇಗೆ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಆಯ್ಕೆ ಉಳಿದಿರುವ ಯಂತ್ರ ಮರುದಿನ ಬೆಳಿಗ್ಗೆ ಮೌಂಟ್ ಆಗದೆ ಅರ್ಧಕ್ಕೇ ನಿಲ್ಲುತ್ತದೆ, ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿರುತ್ತವೆ. ಎಕ್ಸ್‌ಎಫ್‌ಎಸ್‌ನಲ್ಲಿ ಬ್ಯಾರಿಯರ್, ನೋಬ್ಯಾರಿಯರ್ ಆಯ್ಕೆಗಳಿಗೆ ಮೊದಲು ಎಚ್ಚರಿಕೆ ಕೊಟ್ಟು, ಆಮೇಲೆ 2018ರ 4.19ರಲ್ಲಿ ತೆಗೆದರು. ನಮ್ಮಂಥ ಕಡೆ ಇನ್ನೂ ಧಾರಾಳವಾಗಿರಬಹುದು: ಹಳೆಯ ಆಯ್ಕೆಯನ್ನು ಒಪ್ಪಿಕೊಂಡು, ಲಾಗ್‌ನಲ್ಲಿ ಒಂದು ಸಾಲು ಎಚ್ಚರಿಕೆ ಬರೆದು, ಬೇರೇನೂ ಮಾಡದೆ ಮುಂದೆ ಹೋಗುವ ಕೋಡ್‌ಗೆ ಮೂರೇ ಸಾಲು ಸಾಕು.

ಕೊನೆಗೆ ಓದುವ ಕೋಡ್ ತೆಗೆಯುವ ದಿನ ಬಂದಾಗಲೂ ಅದನ್ನು ಎಸೆಯಬಾರದು. ಹಳೆಯ ರೂಪ ಓದುವ ಭಾಗ ಮತ್ತು ಪರಿವರ್ತಕವನ್ನು ಬೇರೆಯದೇ ಪ್ರೋಗ್ರಾಂ ಆಗಿ, ಬೇರೆ ಲೈಬ್ರರಿಗಳನ್ನು ಬೇಡದಂತೆ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿ, ಹಳೆಯ ರೂಪದ ಒಂದು ಸಣ್ಣ ಡಿಸ್ಕ್ ಇಮೇಜ್ ಮತ್ತು ಓಡಿಸುವ ವಿಧಾನ ಬರೆದ ಒಂದು ಪುಟದ ಜೊತೆ, ಬ್ಯಾಕಪ್ ಡಿಸ್ಕ್‌ಗಳಲ್ಲಿಯೇ ಇಡುವುದು ನನ್ನ ಪದ್ಧತಿ. ನಮ್ಮ ಮಿಲ್‌ಗಳ ಪೈಕಿ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಎಣಿಕೆ ಈಗ ಸೊನ್ನೆ ತೋರಿಸುತ್ತದೆ. ಸಿಂಧನೂರಿನ ಒಂದು ಮಿಲ್‌ನ ಎರಡನೇ ಬ್ಯಾಕಪ್ ಡಿಸ್ಕ್‌ನಲ್ಲಿ ಮೊದಲ ಆವೃತ್ತಿಯ 212 ಕಡತಗಳು ಇನ್ನೂ ಇವೆ, ಆ ಡಿಸ್ಕ್ ಮಾಲೀಕರ ಅಣ್ಣನ ಮನೆಯಲ್ಲಿದೆ. ಅದು ಕೈಗೆ ಸಿಗುವವರೆಗೆ ಓದುವ ಭಾಗದ 300 ಸಾಲುಗಳು ಕೋಡ್‌ನ ಮುಖ್ಯ ಶಾಖೆಯಲ್ಲಿಯೇ ಇರುತ್ತವೆ.